ಬಸಿಗಾಲುವೆ ಕಟ್ಟಿದಾಗ

ಮೈಗ್ರೇನ್ ಇರುವವರ ಮನೆಯಲ್ಲಿ ಉಳಿದವರಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕಿಟಕಿಯ ಪರದೆ ಎಳೆಯಬೇಕು, ಟಿ.ವಿ. ಆರಿಸಬೇಕು, ಒಗ್ಗರಣೆಯ ಘಾಟು ನುಗ್ಗದಂತೆ ಕೋಣೆಯ ಬಾಗಿಲು ಮುಚ್ಚಬೇಕು, ಮಲಗಿದವರನ್ನು ಊಟಕ್ಕೆಂದೂ ಎಬ್ಬಿಸಬಾರದು. ಒಂದೆರಡು ತಾಸು ಗಾಢ ನಿದ್ದೆ ಹತ್ತಿತೋ, ಎಷ್ಟೋ ಜನರಿಗೆ ಎದ್ದಾಗ ನೋವು ಇಳಿದಿರುತ್ತದೆ. ಮಕ್ಕಳಂತೂ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಆಟಕ್ಕೆ ಓಡುವುದುಂಟು. ಅದೇ ಜನ ಮದುವೆಮನೆಯಲ್ಲಿ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡಿದ್ದರೆ ಮರುದಿನ ಮಧ್ಯಾಹ್ನದೊಳಗೆ ಕಣ್ಣಿನ ಹಿಂದೆ ಬಡಿತ ಶುರು. ನಿದ್ದೆ ಕೆಟ್ಟರೆ ಬರುತ್ತದೆ, ನಿದ್ದೆ ಬಂದರೆ ಹೋಗುತ್ತದೆ. ಯಾಕೆ?

ಇದು ಅಪರೂಪದ ಕಾಯಿಲೆಯೇನಲ್ಲ. ನಿಮ್ಹಾನ್ಸ್ ತಜ್ಞರೂ ಸೇರಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ವರ್ಷಕ್ಕೆ ಒಮ್ಮೆಯಾದರೂ ಮೈಗ್ರೇನ್ ಅನುಭವಿಸುವವರು ಶೇ. 25.2. ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. ಅದನ್ನು ಕೆರಳಿಸುವ ಕಾರಣಗಳೋ, ಮನೆಗೊಂದು ಪಟ್ಟಿ: ಬಿಸಿಲು, ಹೊತ್ತು ಮೀರಿದ ಊಟ, ಉಪವಾಸ, ಮುಟ್ಟಿನ ದಿನಗಳು, ಊದುಬತ್ತಿಯ ವಾಸನೆ. ತಲೆಗೆ ನೀರು ಹಾಕಿಕೊಂಡರೆ ನೋವು ಬರುತ್ತದೆ ಎಂದು ನಮ್ಮ ಹೆಂಗಸರು ಹೇಳುತ್ತಿದ್ದುದನ್ನು ವೈದ್ಯರು ಬಹುಕಾಲ ಕಿವಿಗೆ ಹಾಕಿಕೊಂಡಿರಲಿಲ್ಲ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ 2006ರಲ್ಲಿ ಅಂಥ 94 ಭಾರತೀಯ ರೋಗಿಗಳ ವಿವರಗಳನ್ನು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಆ ಮಾತಿಗೂ ದಾಖಲೆ ಸಿಕ್ಕಿತು.

ಇದರ ಬೆನ್ನಿಗೇ ಇನ್ನೊಂದು ಒಗಟಿದೆ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಮಾತನಾಡಿಸುತ್ತಲೇ ಶಸ್ತ್ರವೈದ್ಯರು ಮಿದುಳನ್ನು ಕೊಯ್ಯುವುದು ಸಾಧ್ಯವಾಗಿರುವುದು ಇದರಿಂದಲೇ. ನೋವು ತಿಳಿಯುವುದು ಮಿದುಳನ್ನು ಸುತ್ತಿರುವ ಪೊರೆಗೆ ಮತ್ತು ಅಲ್ಲಿನ ರಕ್ತನಾಳಗಳಿಗೆ. ಹಾಗಾದರೆ ಮಿದುಳಿನೊಳಗೆ ಹುಟ್ಟುವ ಗಡಿಬಿಡಿ ನೋವಾಗುವುದು ಹೇಗೆ? ಈ ಎರಡೂ ಒಗಟುಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಒಂದೇ ಜಾಗಕ್ಕೆ ಬಂದು ಸೇರಿವೆ. ಆ ಜಾಗ ಮಿದುಳು ತನ್ನ ಕೊಳೆಯನ್ನು ಹೊರಹಾಕುವ ದಾರಿ.

ಬುರುಡೆಯೊಳಗಿನ ತೋಟ

ಮಲೆನಾಡಿನ ಅಡಿಕೆ ತೋಟದಲ್ಲಿ ಮರಗಳ ಸಾಲುಗಳ ನಡುವೆ ಬಸಿಗಾಲುವೆ ಇರುತ್ತದೆ. ಬುಡಕ್ಕೆ ಬಿದ್ದ ನೀರು ಮಣ್ಣಿನೊಳಗೆ ಹಾದು, ಅಲ್ಲಿನದನ್ನೆಲ್ಲ ತೊಳೆದುಕೊಂಡು ಬಸಿಗಾಲುವೆಗೆ ಇಳಿಯುತ್ತದೆ. ಅಲ್ಲಿಂದ ದೊಡ್ಡ ಕಾಲುವೆ, ಆಮೇಲೆ ಕೆಳಗಿನ ಗದ್ದೆ, ಹಳ್ಳ. ನೀರು ಬೇಕು, ಆದರೆ ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸುವುದು.

ಮಿದುಳಿಗೂ ಇಂಥದೇ ಏರ್ಪಾಡು ಬೇಕು. ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ. 2, ಉಣ್ಣುವ ಶಕ್ತಿಯಲ್ಲಿ ಪಾಲು ಸುಮಾರು ಶೇ. 20. ಅಷ್ಟು ಉಂಡಲ್ಲಿ ಉಳಿಕೆಯೂ ಅಷ್ಟೇ: ಬಳಸಿ ಬಿಟ್ಟ ಪ್ರೋಟೀನಿನ ತುಣುಕುಗಳು, ಹೆಚ್ಚಾದ ಪೊಟ್ಯಾಸಿಯಂ, ನರಕೋಶಗಳು ಸುರಿದ ರಾಸಾಯನಿಕಗಳು. ದೇಹದ ಉಳಿದೆಡೆ ಇಂಥ ಕೊಳೆಯನ್ನು ದುಗ್ಧನಾಳಗಳು ಹೊತ್ತೊಯ್ಯುತ್ತವೆ. ಮಿದುಳಿನ ತಿರುಳಿನಲ್ಲಿ ಅವು ಇಲ್ಲ. ಹಾಗಾದರೆ ಇಲ್ಲಿ ಕಸ ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಸರಿಯಾದ ಉತ್ತರ ಇರಲಿಲ್ಲ.

2012ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮೈಕೆನ್ ನೆಡರ್ಗಾರ್ಡ್, ಜೆಫ್ರಿ ಇಲಿಫ್ ಮತ್ತು ಜೊತೆಗಾರರು ಇಲಿಯ ಮಿದುಳನ್ನು ತೊಯ್ಯಿಸುವ ದ್ರವಕ್ಕೆ ಹೊಳೆಯುವ ಬಣ್ಣ ಸೇರಿಸಿ ಅದು ಎತ್ತ ಹೋಗುತ್ತದೆಂದು ನೋಡಿದರು. ಈ ದ್ರವ ನಮಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ತೆಗೆದು ಪರೀಕ್ಷಿಸುವ, ನೀರಿನಷ್ಟೇ ತಿಳಿಯಾದ ಸಿ.ಎಸ್.ಎಫ್. ಎಂಬುದೇ ಇದು. ಇದನ್ನು ಮಿದುಳುದ್ರವ ಎನ್ನೋಣ. ನಮ್ಮ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಯಾವಾಗಲೂ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಹೊಸದಾಗಿ ಒಸರುವುದು ಸುಮಾರು ಅರ್ಧ ಲೀಟರ್. ಇಷ್ಟು ಒಸರಬೇಕಾದರೆ ಹಳೆಯದು ಎಲ್ಲೋ ಹೋಗುತ್ತಲೇ ಇರಬೇಕಲ್ಲ?

ಬಣ್ಣ ದಾರಿ ತೋರಿಸಿತು. ಮಿದುಳಿನೊಳಗೆ ಇಳಿಯುವ ಪ್ರತಿ ಅಪಧಮನಿಯ ಸುತ್ತ ಒಂದು ಕಿರಿದಾದ ಸಂದು ಇದೆ. ನಾಳದ ಬಡಿತ ತಳ್ಳಿದಂತೆ ಮಿದುಳುದ್ರವ ಆ ಸಂದಿನಲ್ಲೇ ಒಳಕ್ಕೆ ಹರಿಯುತ್ತದೆ, ಕೋಶಗಳ ನಡುವೆ ಹಾಯುತ್ತದೆ, ಕೊಳೆಯನ್ನು ಎತ್ತಿಕೊಂಡು ಅಭಿಧಮನಿಗಳ ಸುತ್ತಲಿನ ಸಂದಿಗೆ ಬಸಿಯುತ್ತದೆ. ವಿಜ್ಞಾನಿಗಳು ಗ್ಲಿಂಫ್ಯಾಟಿಕ್ ವ್ಯವಸ್ಥೆ ಎಂದು ಕರೆಯುವ ಇದೇ ಮಿದುಳಿನ ಬಸಿಗಾಲುವೆ. ಕಾಲುವೆಯ ಒಂದು ದಡ ರಕ್ತನಾಳದ ಗೋಡೆ. ಇನ್ನೊಂದು ದಡ, ನರಕೋಶಗಳಿಗೆ ಆಸರೆಯಾಗಿರುವ ನಕ್ಷತ್ರಕೋಶಗಳು ನಾಳದ ಸುತ್ತ ಚಾಚಿದ ಪಾದಗಳು. ಆ ಪಾದಗಳ ತುಂಬ ಅಕ್ವಾಪೋರಿನ್-4 ಎಂಬ ಪ್ರೋಟೀನು ಸಣ್ಣ ಸಣ್ಣ ನೀರುಗಂಡಿಗಳನ್ನು ತೆರೆದಿರುತ್ತದೆ. ಈ ಪ್ರೋಟೀನು ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಕೊಳೆ ಹೊರಹೋಗುವ ವೇಗ ಸುಮಾರು ಶೇ. 70ರಷ್ಟು ಕುಸಿಯಿತು.

ಹೊರಬಂದದ್ದು ಸೇರುವ ದೊಡ್ಡ ಕಾಲುವೆಯೂ 2015ರಲ್ಲಿ ಸಿಕ್ಕಿತು. ಮಿದುಳಿನ ತಿರುಳಿನಲ್ಲಿ ಇಲ್ಲದ ದುಗ್ಧನಾಳಗಳು ಮಿದುಳ ಪೊರೆಯಲ್ಲಿ ಇವೆ ಎಂದು ವರ್ಜೀನಿಯಾ ಮತ್ತು ಹೆಲ್ಸಿಂಕಿಯ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ರಾತ್ರಿ ಪಾಳಿ

2013ರಲ್ಲಿ ಅದೇ ರಾಚೆಸ್ಟರ್ ತಂಡ ಇಲಿಗಳನ್ನು ಎಚ್ಚರದಲ್ಲೂ ನಿದ್ದೆಯಲ್ಲೂ ಹೋಲಿಸಿ ನೋಡಿತು. ನಿದ್ದೆಯಲ್ಲಿ ಕೋಶಗಳ ನಡುವಿನ ಜಾಗ ಸುಮಾರು ಶೇ. 60ರಷ್ಟು ಹಿಗ್ಗಿತ್ತು. ಮರೆವಿನ ಕಾಯಿಲೆಯಲ್ಲಿ ಗುಡ್ಡೆಬೀಳುವ ಅಮಿಲಾಯ್ಡ್ ಎಂಬ ಪ್ರೋಟೀನು ಎಚ್ಚರದಲ್ಲಿದ್ದಾಗಿನ ಎರಡರಷ್ಟು ವೇಗದಲ್ಲಿ ಹೊರಹೋಗುತ್ತಿತ್ತು. ನಮ್ಮನ್ನು ಎಚ್ಚರವಾಗಿಡುವ ನಾರ್‌ಅಡ್ರೆನಲಿನ್ ಗಾಢ ನಿದ್ದೆಯಲ್ಲಿ ನಿಧಾನವಾಗಿ ಏರಿಳಿಯುತ್ತದೆ. ಅದರ ತಾಳಕ್ಕೆ ರಕ್ತನಾಳಗಳು ಕುಗ್ಗಿ ಹಿಗ್ಗಿ ದ್ರವವನ್ನು ತಳ್ಳುತ್ತವೆ ಎಂಬುದು 2025ರಲ್ಲಿ ಬಂದ ವಿವರ.

ಮನುಷ್ಯರಲ್ಲೂ ಇದರ ಸುಳಿವಿದೆ. ನಾರ್ವೆಯ ಓಸ್ಲೊದಲ್ಲಿ ಬೆನ್ನುಹುರಿಯ ದ್ರವಕ್ಕೆ ಎಂ.ಆರ್.ಐ.ನಲ್ಲಿ ಕಾಣುವ ವಸ್ತುವನ್ನು ಸೇರಿಸಿ, ಕೆಲವರಿಗೆ ರಾತ್ರಿ ಮಲಗಲು ಬಿಟ್ಟು, ಕೆಲವರನ್ನು ಎಚ್ಚರವಾಗಿಟ್ಟು ಚಿತ್ರ ತೆಗೆದರು. ನಿದ್ದೆಗೆಟ್ಟವರ ಮಿದುಳಿನಿಂದ ಆ ವಸ್ತು ಹೊರಹೋಗುವುದು ನಿಧಾನವಾಗಿತ್ತು. ಮರುರಾತ್ರಿ ನಿದ್ದೆ ಮಾಡಿದರೂ ಆ ಬಾಕಿ ತೀರಿರಲಿಲ್ಲ. ಇದು 2021ರ ಮಾತು.

ಇದಕ್ಕೆ ತಕರಾರೂ ಇದೆ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ತಮ್ಮ ಇಲಿಗಳಲ್ಲಿ ನಿದ್ದೆಯ ಹೊತ್ತಿನಲ್ಲಿ ಕೊಳೆ ಹೊರಹೋಗುವುದು ಕಡಿಮೆಯೇ ಆಯಿತೆಂದು ವರದಿ ಮಾಡಿತು. ಅಳೆಯುವ ಬಗೆ ಸರಿಯೇ ತಪ್ಪೇ ಎಂಬ ವಾದ ಇನ್ನೂ ನಡೆದಿದೆ. ಆದ್ದರಿಂದ ‘ನಿದ್ದೆ ಮಿದುಳನ್ನು ತೊಳೆಯುತ್ತದೆ’ ಎಂಬ ಮಾತನ್ನು ಬಲವಾದ ಊಹೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು, ವೇದವಾಕ್ಯ ಮಾಡಿಕೊಳ್ಳಬಾರದು.

ನಿಮಿಷಕ್ಕೆ 3 ಮಿಲಿಮೀಟರ್

ಈಗ ಮೈಗ್ರೇನ್ ಕಡೆಗೆ. ಮೈಗ್ರೇನ್ ಇರುವವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನರಿಗೆ ತಲೆನೋವಿಗೆ ಮುಂಚೆ ಒಂದು ಮುನ್ಸೂಚನೆ ಬರುತ್ತದೆ. ವೈದ್ಯರು ಅದನ್ನು ಔರಾ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿಗೆ ಅದು ಆಗಾಗ ಬರುತ್ತಿತ್ತು. ಅವರು ಗಾಬರಿಬೀಳದೆ ಪೆನ್ಸಿಲ್ ಹಿಡಿದು ಅದನ್ನು ಬರೆದಿಡುತ್ತಿದ್ದರು. ಮೊದಲು ನೋಟದ ನಡುವಿನ ಹತ್ತಿರ ಒಂದು ಮಸುಕು ಚುಕ್ಕೆ. ಓದುತ್ತಿರುವ ಸಾಲಿನ ಒಂದೆರಡು ಅಕ್ಷರ ಅಲ್ಲಿ ಕಾಣುವುದಿಲ್ಲ. ಚುಕ್ಕೆ ಬೆಳೆಯುತ್ತದೆ, ಅದರ ಅಂಚಿನಲ್ಲಿ ಮಿನುಗುವ ಅಂಕುಡೊಂಕು ಗೆರೆ ಮೂಡುತ್ತದೆ, ಇಪ್ಪತ್ತು ನಿಮಿಷದ ಆಚೀಚೆ ಇಡೀ ಆಕಾರ ನೋಟದ ಒಂದು ಪಕ್ಕಕ್ಕೆ ಸರಿದು ಮರೆಯಾಗುತ್ತದೆ. ಕಣ್ಣು ಮುಚ್ಚಿದರೂ ಅದು ಕಾಣುತ್ತದೆ. ಅಂದರೆ ತೊಂದರೆ ಕಣ್ಣಿನದಲ್ಲ. ಮಿದುಳಿನ ಹಿಂಭಾಗದ ನೋಟದ ಪ್ರದೇಶದ್ದು. ಆ ಪ್ರದೇಶದ ಅಗಲ ಗೊತ್ತು, ಚುಕ್ಕೆ ದಾಟಲು ಹಿಡಿದ ಹೊತ್ತೂ ಗೊತ್ತು. ಲ್ಯಾಶ್ಲಿ ಭಾಗಿಸಿ ನೋಡಿದರು: ಏನೋ ಒಂದು ಮಿದುಳಿನ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿದಾಡುತ್ತಿದೆ. ಈ ಲೆಕ್ಕ ಅಚ್ಚಾದದ್ದು 1941ರಲ್ಲಿ.

1944ರಲ್ಲಿ, ಇದರ ಗೊಡವೆಯೇ ಇಲ್ಲದೆ, ಹಾರ್ವರ್ಡ್‌ನಲ್ಲಿ ಮೂರ್ಛೆರೋಗದ ಅಧ್ಯಯನಕ್ಕೆ ಬಂದಿದ್ದ ಬ್ರೆಜಿಲ್‌ನ ಆರಿಸ್ಟಿಡೀಸ್ ಲಿಯಾವ್ ಮೊಲದ ಮಿದುಳಿನ ಮೇಲೆ ಒಂದು ವಿಚಿತ್ರ ಕಂಡರು. ಒಂದೆಡೆ ಕೆಣಕಿದರೆ ನರಕೋಶಗಳ ವಿದ್ಯುತ್ ಚಟುವಟಿಕೆ ಅಲ್ಲಿ ಅಡಗಿಹೋಗುತ್ತದೆ, ಆ ಅಡಗುವಿಕೆ ಸುತ್ತಲೂ ಹರಡುತ್ತ ಸಾಗುತ್ತದೆ. ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಎರಡೂ ಒಂದೇ ಎಂದು ಹೊಳೆಯಲು ವರ್ಷಗಳೇ ಹಿಡಿದವು. 2001ರಲ್ಲಿ ಔರಾ ನಡೆಯುತ್ತಿರುವಾಗಲೇ ತೆಗೆದ ಎಂ.ಆರ್.ಐ. ಚಿತ್ರಗಳು ಮನುಷ್ಯರಲ್ಲೂ ಇಂಥದೇ ಅಲೆ ಸಾಗುವುದನ್ನು ತೋರಿಸಿದವು.

ಈ ಅಲೆಯನ್ನು ಹರಡುವ ಮಂಕು ಎನ್ನಬಹುದು. ಅದು ಹಾದಲ್ಲಿ ನರಕೋಶಗಳು ಒಮ್ಮೆಗೇ ಪೊಟ್ಯಾಸಿಯಂ, ಗ್ಲುಟಮೇಟ್ ಮುಂತಾದವನ್ನೆಲ್ಲ ಹೊರಗೆ ಸುರಿದು, ಕೆಲವು ನಿಮಿಷ ಸುಸ್ತಾಗಿ ಸುಮ್ಮನಾಗುತ್ತವೆ. ಕಸ ತೆಗೆಯುವ ಕೆಲಸ ಅತ್ಯಂತ ಜರೂರಾಗಿ ಬೇಕಾದ ಹೊತ್ತು ಅದು.

ಕಾಲುವೆ ಮುಚ್ಚಿದ ಅರ್ಧ ಗಂಟೆ

ಆ ಹೊತ್ತಿನಲ್ಲೇ ಕಾಲುವೆ ಮುಚ್ಚಿಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡವರು ಬಾಸ್ಟನ್ನಿನಲ್ಲಿ ರಾಮಿ ಬರ್ಸ್ಟೀನ್ ಅವರ ಪ್ರಯೋಗಾಲಯದಲ್ಲಿದ್ದ ಏರನ್ ಶೇನ್ ಮತ್ತು ಸಂಗಡಿಗರು. ಅವರ ವರದಿ 2017ರಲ್ಲಿ ಬಂತು.

ಜೀವಂತ ಇಲಿಯ ಬುರುಡೆಯಲ್ಲಿ ಪುಟ್ಟ ಕಿಟಕಿ. ಮೇಲೆ ಸೂಕ್ಷ್ಮದರ್ಶಕ. ರಕ್ತದಲ್ಲಿ ಒಂದು ಹೊಳೆಯುವ ಬಣ್ಣ, ಮಿದುಳುದ್ರವದಲ್ಲಿ ಇನ್ನೊಂದು. ಅಪಧಮನಿಯ ಪಕ್ಕದಲ್ಲೇ ಮಿದುಳುದ್ರವದ ಬಣ್ಣ ತುಂಬಿದ ಸಂದು ಬೇರೆಯಾಗಿ ಕಾಣುತ್ತದೆ. ಈಗ ಮಿದುಳಿನ ಬೇರೊಂದು ತುದಿಯಲ್ಲಿ ಮಂಕಿನ ಅಲೆಯನ್ನು ಎಬ್ಬಿಸುತ್ತಾರೆ. ಅಲೆ ಕಿಟಕಿಯ ಕೆಳಗೆ ಬರುತ್ತಿದ್ದಂತೆ ಸಂದು ಕಿರಿದಾಗುತ್ತದೆ, ನೋಡನೋಡುತ್ತ ಬಹುಪಾಲು ಮುಚ್ಚಿಹೋಗುತ್ತದೆ. ಮೇಲ್ಮೈಯ ನಾಳಗಳ ಸುತ್ತಲೂ ಹಾಗೆಯೇ, ಆಳಕ್ಕೆ ಇಳಿಯುವ ನಾಳಗಳ ಸುತ್ತಲೂ ಹಾಗೆಯೇ. ಹಲವು ನಿಮಿಷ ಅದು ತೆರೆಯುವುದಿಲ್ಲ. ಮತ್ತೆ ಮೊದಲಿನಂತಾಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕೋಶಗಳ ನಡುವಿನ ವಸ್ತು ಹೊರಹೋಗುವುದೂ ಕುಂಠಿತ.

ಬಸಿಗಾಲುವೆಯ ದಡಗಳು ಒಂದಕ್ಕೊಂದು ತಾಗಿಕೊಂಡವು. ತೋಟದಲ್ಲಿ ನೀರು ನಿಂತಿತು. ನರಕೋಶಗಳು ಸುರಿದದ್ದೆಲ್ಲ ಇದ್ದಲ್ಲೇ ಮಡುಗಟ್ಟಿತು. ಇಲ್ಲಿಗೆ ಅರ್ಧ ಕಥೆಯಾಯಿತು. ಆದರೆ ಮಿದುಳಿಗೆ ನೋವು ತಿಳಿಯದಿದ್ದ ಮೇಲೆ, ಮಡುಗಟ್ಟಿದ್ದರಿಂದ ಯಾರಿಗೆ ತೊಂದರೆ?

ಕೆಳಗಿನ ಗದ್ದೆ

ಹಣೆ, ಕಣ್ಣು, ಕೆನ್ನೆ, ದವಡೆಗಳ ಸುದ್ದಿಯನ್ನು ಮಿದುಳಿಗೆ ತಲುಪಿಸುವುದು ಮೂರು ಕವಲಿನ ಒಂದು ನರ. ಮಿದುಳ ಪೊರೆಯ ನೋವಿನ ಸುದ್ದಿಯೂ ಬಹುಪಾಲು ಇದರ ಮೂಲಕವೇ ಬರುತ್ತದೆ. ಇದರ ಕೋಶಗಳೆಲ್ಲ ಬುರುಡೆಯ ತಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ನರಗಂಟುಗಳಾಗಿ ಕೂತಿವೆ. ಮೈಗ್ರೇನ್‌ನಲ್ಲಿ ಕೆರಳುವ ನರ ಇದೇ ಎಂಬುದು ಹಳೆಯ ತಿಳಿವಳಿಕೆ. ಆದರೆ ಮಿದುಳಿನ ಮೇಲ್ಪದರದಲ್ಲಿ ಎದ್ದ ಅಲೆ ಅಷ್ಟು ಕೆಳಗಿರುವ ಗಂಟನ್ನು ಮುಟ್ಟುವ ಬಗೆ ತಿಳಿದಿರಲಿಲ್ಲ.

2024ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮಾರ್ಟಿನ್ ಕಾಗ್ ರಾಸ್ಮುಸೆನ್, ನೆಡರ್ಗಾರ್ಡ್ ಮತ್ತಿತರರು ಸೈನ್ಸ್ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಇಲಿಗಳ ಮಿದುಳುದ್ರವ ಹರಿದು ಹೋಗುವ ಜಾಗಗಳಲ್ಲಿ ಈ ನರಗಂಟೂ ಒಂದು. ರಕ್ತದಲ್ಲಿರುವ ವಸ್ತುಗಳು ಮಿದುಳಿಗೆ ನುಗ್ಗದಂತೆ ಬಿಗಿಯಾದ ತಡೆಗೋಡೆ ಇದೆಯಷ್ಟೆ? ಅಂಥ ಬಿಗಿ ನರಗಂಟಿಗೆ ಇಲ್ಲ. ಅದರ ಬುಡದಲ್ಲಿ ಮಿದುಳುದ್ರವ ಸಲೀಸಾಗಿ ಒಳಗಿಳಿಯುತ್ತದೆ. ಮೇಲಿನ ತೋಟದಿಂದ ತೊಳೆದುಹೋದದ್ದು ಕೆಳಗಿನ ಗದ್ದೆಗೆ ಬಂದು ನಿಲ್ಲುವ ಹಾಗೆ.

ಆಮೇಲೆ ಅವರು ಅಲೆ ಎಬ್ಬಿಸಿದ ಇಲಿಗಳ ಮಿದುಳುದ್ರವವನ್ನು ತೆಗೆದು ಪರೀಕ್ಷಿಸಿದರು. ಅದರಲ್ಲಿದ್ದ ಪ್ರೋಟೀನುಗಳಲ್ಲಿ ಸುಮಾರು ಶೇ. 11ರಷ್ಟರ ಪ್ರಮಾಣ ಬದಲಾಗಿತ್ತು. ಏರಿದವುಗಳಲ್ಲಿ ನರಗಂಟಿನ ಕೋಶಗಳನ್ನು ನೇರವಾಗಿ ಕೆರಳಿಸಬಲ್ಲವು ಇದ್ದವು. ಅಲೆಯನ್ನೇ ಕಾಣದ ಬೇರೆ ಇಲಿಗಳಿಗೆ ಈ ದ್ರವ ಕೊಟ್ಟಾಗ ಅವುಗಳ ನರಗಂಟೂ ಕೆರಳಿತು. ಅಂದರೆ ಕೆರಳಿಸಿದ್ದು ಅಲೆಯಲ್ಲ, ಅಲೆ ಬಿಟ್ಟುಹೋದ ನೀರು. ಅದರಲ್ಲೂ ಅಲೆ ಎದ್ದ ಪಕ್ಕದ ಗಂಟಿಗೇ ಹರಿವು ಹೆಚ್ಚು. ತಲೆಯ ಅರ್ಧವೇ ನೋಯುವುದೇಕೆಂಬ ಪ್ರಶ್ನೆಗೂ ಇದರಲ್ಲಿ ಒಂದು ಉತ್ತರ ಕಾಣುತ್ತದೆ.

2017ರ ಮತ್ತು 2024ರ ಪ್ರಯೋಗಗಳನ್ನು ಜೋಡಿಸಿ ಓದಿದರೆ ಕ್ರಮ ಹೀಗಿರಬಹುದು. ಅಲೆ ಹಾಯುತ್ತದೆ, ಕೋಶಗಳು ಒಳಗಿನದನ್ನು ಸುರಿಯುತ್ತವೆ, ಕಾಲುವೆ ಮುಚ್ಚುತ್ತದೆ, ಸುರಿದದ್ದು ಮಡುಗಟ್ಟುತ್ತದೆ. ಕಾಲುವೆ ತೆರೆಯುತ್ತಿದ್ದಂತೆ ಆ ಗಾಢವಾದ ನೀರು ಕೆಳಗಿನ ನರಗಂಟಿಗೆ ಇಳಿಯುತ್ತದೆ. ಔರಾ ಕಂಡ ಮೇಲೆ ತಲೆನೋವು ಕೂಡಲೇ ಬಾರದೆ ಸಾಮಾನ್ಯವಾಗಿ ಒಂದು ತಾಸಿನೊಳಗೆ ಬರುವುದಕ್ಕೂ ಈ ಕ್ರಮಕ್ಕೂ ತಾಳೆಯಿದೆ. ಕೊಳೆ ತೊಳೆಯುವ ದಾರಿಯೇ ನೋವಿನ ಸುದ್ದಿಯನ್ನೂ ಒಯ್ಯುತ್ತದೆ; ಇಲ್ಲಿ ಹೊಸದಾಗಿ ತಿಳಿದದ್ದು ಅದು.

ನೀರಿನಲ್ಲಿದ್ದ ಕೆರಳಿಸುವ ವಸ್ತುಗಳಲ್ಲಿ ಒಂದು ವೈದ್ಯರಿಗೆ ಮೊದಲೇ ಪರಿಚಿತ: ನರಗಳು ಸ್ರವಿಸುವ ಸಿ.ಜಿ.ಆರ್.ಪಿ. ಎಂಬ ಪುಟ್ಟ ಪ್ರೋಟೀನು. ಮೈಗ್ರೇನ್ ಬಂದಾಗ ಕುತ್ತಿಗೆಯ ಅಭಿಧಮನಿಯ ರಕ್ತದಲ್ಲಿ ಇದು ಏರಿರುವುದನ್ನು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲೇ ತೋರಿಸಿದ್ದರು. ಇದನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಳಕೆಯಲ್ಲಿವೆ. ಆ ಮದ್ದಿನ ಕಣಗಳು ಬಹಳ ದೊಡ್ಡವು, ಮಿದುಳಿನ ತಡೆಗೋಡೆ ದಾಟುವುದು ತೀರ ಕಡಿಮೆ. ಆದರೂ ಎಷ್ಟೋ ಜನರಿಗೆ ಕೆಲಸ ಮಾಡುತ್ತವೆ. ತಡೆಗೋಡೆಯ ಬಿಗಿ ಇಲ್ಲದ ನರಗಂಟಿನಲ್ಲಿ ಅವು ಕೆಲಸ ಮಾಡುತ್ತವೆ ಎಂದುಕೊಂಡರೆ ಇದರಲ್ಲಿ ಸೋಜಿಗವಿಲ್ಲ.

ಮನುಷ್ಯರ ತಲೆಯಲ್ಲಿ ನೋಡುವುದು ಹೇಗೆ?

ನಮ್ಮ ಬುರುಡೆಗೆ ಕಿಟಕಿ ಕೊರೆಯಲಾಗದು. 2017ರಲ್ಲಿ ಜಪಾನಿನ ತೋಶಿಯಾಕಿ ತಾವೊಕ ಮತ್ತು ಸಂಗಡಿಗರು ಒಂದು ಸುತ್ತುಬಳಸಿನ ಉಪಾಯ ಕೊಟ್ಟರು. ಮಿದುಳಿನ ನಡುವಿನ ಕುಳಿಗಳ ಪಕ್ಕದಲ್ಲಿ ಒಂದೆಡೆ ರಕ್ತನಾಳಗಳು ಒಂದು ದಿಕ್ಕಿಗೂ ನರತಂತುಗಳು ಬೇರೆ ದಿಕ್ಕಿಗೂ ಸಾಗುತ್ತವೆ. ಅಲ್ಲಿ ನಾಳದ ದಿಕ್ಕಿನಲ್ಲಿ ನೀರಿನ ಕಣಗಳ ಓಡಾಟ ಎಷ್ಟೆಂದು ಎಂ.ಆರ್.ಐ.ನಲ್ಲಿ ಅಳೆದರೆ ಒಂದು ಸೂಚ್ಯಂಕ ಸಿಗುತ್ತದೆ. ಸೂಜಿ ಬೇಡ, ಬಣ್ಣ ಬೇಡ. ಹೀಗಾಗಿ ಮೈಗ್ರೇನ್ ರೋಗಿಗಳಲ್ಲಿ ಇದನ್ನು ಅಳೆದ ವರದಿಗಳು ಒಂದರ ಹಿಂದೊಂದು ಬಂದವು.

ಅವು ಒಂದಕ್ಕೊಂದು ಕೂಡುವುದಿಲ್ಲ. ತಿಂಗಳಲ್ಲಿ ಅರ್ಧದಷ್ಟು ದಿನ ತಲೆನೋವಿರುವ ದೀರ್ಘಕಾಲಿಕ ಮೈಗ್ರೇನ್ ರೋಗಿಗಳಲ್ಲಿ ಸೂಚ್ಯಂಕ ಇಳಿದಿದೆ ಎಂದು ಕೆಲವರು ಹೇಳಿದರೆ, ಆರೋಗ್ಯವಂತರಿಗೂ ರೋಗಿಗಳಿಗೂ ವ್ಯತ್ಯಾಸವೇ ಇಲ್ಲ ಎಂದವರಿದ್ದಾರೆ, ಏರಿದೆ ಎಂದವರೂ ಇದ್ದಾರೆ. ಇದಕ್ಕೆ ಕಾರಣಗಳಿವೆ. ಈ ಸೂಚ್ಯಂಕ ಹರಿವನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಚಿಕ್ಕ ಜಾಗದ ನೀರಿನ ಓಡಾಟದಿಂದ ಇಡೀ ತೋಟದ ಬಗ್ಗೆ ಊಹಿಸುತ್ತದೆ. ಅದೂ ಅಲ್ಲದೆ ಚಿತ್ರ ತೆಗೆಯುವುದು ಬಹುಪಾಲು ನೋವಿಲ್ಲದ ದಿನ. ಇಲಿಯಲ್ಲಿ ಅರ್ಧ ಗಂಟೆ ಮುಚ್ಚಿ ತೆರೆಯುವ ಕಾಲುವೆಯನ್ನು ಮನುಷ್ಯರಲ್ಲಿ ವಾರದ ನಂತರ ನೋಡಿದರೆ ಏನು ಕಂಡೀತು?

ಇನ್ನೊಂದು ದಾರಿ, ನಾಳಗಳ ಸುತ್ತಲಿನ ಸಂದು ಹಿಗ್ಗಿದೆಯೇ ಎಂದು ನೋಡುವುದು. ನೀರು ಸರಾಗವಾಗಿ ಹೋಗದೆ ನಿಂತಲ್ಲಿ ಸಂದು ಅಗಲವಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2022ರಲ್ಲಿ ಮಾಮೂಲಿಗಿಂತ ಬಹಳ ಶಕ್ತಿಯ 7 ಟೆಸ್ಲಾ ಯಂತ್ರದಲ್ಲಿ 25 ಜನರ ಚಿತ್ರ ತೆಗೆದು, ಮೈಗ್ರೇನ್ ಇರುವವರಲ್ಲಿ ಇಂಥ ಹಿಗ್ಗಿದ ಸಂದುಗಳು ಹೆಚ್ಚೆಂದು ಹೇಳಿತು. ಸಣ್ಣ ಅಧ್ಯಯನ ಅದು. ಕಾಲುವೆ ಕೆಟ್ಟು ಮೈಗ್ರೇನ್ ಬಂತೋ, ಮೈಗ್ರೇನ್ ಬಂದುಬಂದು ಕಾಲುವೆ ಕೆಟ್ಟಿತೋ ಎಂಬುದು ಇಂಥ ಚಿತ್ರಗಳಿಂದ ತೀರ್ಮಾನವಾಗುವುದಿಲ್ಲ. ಔರಾ ಇಲ್ಲದ ಮೈಗ್ರೇನ್‌ನಲ್ಲಿ ಅಲೆ ಏಳುತ್ತದೆಯೇ ಇಲ್ಲವೇ ಎಂಬುದೂ ಇತ್ಯರ್ಥವಾಗಿಲ್ಲ. ನೋಯುವವರಲ್ಲಿ ಹೆಚ್ಚಿನವರು ಆ ಗುಂಪಿನವರೇ.

ಇದರಿಂದ ನಮಗೇನು?

ನಿದ್ದೆಯ ಒಗಟಿಗೆ ಪೂರ್ತಿ ಅಲ್ಲದಿದ್ದರೂ ನಂಬಲರ್ಹ ಉತ್ತರ ಸಿಕ್ಕಿದೆ. ನಿದ್ದೆಗೆಟ್ಟಾಗ ಬಾಕಿ ಉಳಿದ ಕೊಳೆ ಮಿದುಳನ್ನು ಕೆರಳುವ ಸ್ಥಿತಿಯಲ್ಲಿ ಇಡಬಹುದು. ನಿದ್ದೆಯ ಹರಿವು ಕೆರಳಿಸುವ ವಸ್ತುಗಳನ್ನು ತೆಳುಮಾಡಿ ಸಾಗಿಸಬಹುದು. ನಿದ್ದೆ ಎಚ್ಚರಗಳ ಗಡಿಯಾರವನ್ನು ನಡೆಸುವ ಮಿದುಳಿನ ಭಾಗಗಳೂ ಮೈಗ್ರೇನ್‌ನಲ್ಲಿ ಪಾಲುಗೊಳ್ಳುವುದರಿಂದ ಇದೊಂದೇ ಕಾರಣ ಎನ್ನಲಾಗದು. ಆದರೆ ಎರಡೂ ಕಡೆಯಿಂದ ಬರುವ ಸಲಹೆ ಒಂದೇ: ಮಲಗುವ ಹೊತ್ತು, ಏಳುವ ಹೊತ್ತು ದಿನವೂ ಒಂದೇ ಇರಲಿ. ವಾರವಿಡೀ ನಿದ್ದೆಗೆಟ್ಟು ಭಾನುವಾರ ಹತ್ತು ಗಂಟೆಯವರೆಗೆ ಮಲಗಿ ಸರಿದೂಗಿಸುತ್ತೇನೆ ಎಂದರೆ ನಡೆಯುವುದಿಲ್ಲ. ಭಾನುವಾರ ತಡವಾಗಿ ಎದ್ದಿದ್ದಕ್ಕೇ ತಲೆನೋವು ಬರುವವರು ಬೇಕಾದಷ್ಟಿದ್ದಾರೆ.

ಮಿದುಳಿಗೂ ಬಸಿಗಾಲುವೆ ಇದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅದನ್ನು ತೊಳೆದುಕೊಡುವ ಪಾನೀಯ, ಪುಡಿ, ಎಣ್ಣೆ, ಮಸಾಜುಗಳ ಜಾಹೀರಾತು ಮೊಬೈಲಿನಲ್ಲಿ ಶುರುವಾಗಿದೆ. ಕುಡಿದದ್ದು ಹೊಟ್ಟೆಗೆ ಹೋಗುತ್ತದೆ, ಹಚ್ಚಿದ್ದು ಚರ್ಮದ ಮೇಲೆ ಉಳಿಯುತ್ತದೆ. ನಕ್ಷತ್ರಕೋಶದ ನೀರುಗಂಡಿಯನ್ನು ತೆರೆದು ಮೈಗ್ರೇನ್ ವಾಸಿಮಾಡುವ ಔಷಧ ಇವತ್ತು ಯಾವ ಅಂಗಡಿಯಲ್ಲೂ ಇಲ್ಲ.

ನೋವಿನ ಮಾತ್ರೆಗೂ ಒಂದು ಮಿತಿಯಿದೆ. ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು ನುಂಗುತ್ತ ಹೋದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಆ ಹಂತ ಮುಟ್ಟುವ ಮೊದಲೇ ನರರೋಗ ತಜ್ಞರನ್ನು ಕಂಡು, ನೋವು ಬಾರದಂತೆ ತಡೆಯುವ ಮದ್ದಿನ ಬಗ್ಗೆ ಕೇಳಬೇಕು. ಹಿಂದೆಂದೂ ಇಲ್ಲದಂಥ ನೋವು ಸಿಡಿಲೆರಗಿದಂತೆ ಬಂದರೆ, ಜೊತೆಗೆ ಜ್ವರವಿದ್ದು ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಅದನ್ನು ಮೈಗ್ರೇನ್ ಎಂದುಕೊಂಡು ಕತ್ತಲ ಕೋಣೆಯಲ್ಲಿ ಮಲಗಬಾರದು. ನೇರ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ ವೈದ್ಯರಿಗೆ ತೋರಿಸದೆ ಇರಬಾರದು.

ಸಂಶೋಧಕರ ಮುಂದೆ ಈಗ ಇರುವ ಕೆಲಸ ಸ್ಪಷ್ಟವಾಗಿದೆ. ಮನುಷ್ಯರಲ್ಲಿ, ನೋವು ಬರುತ್ತಿರುವ ಹೊತ್ತಿನಲ್ಲೇ, ಕಾಲುವೆ ಮುಚ್ಚುತ್ತದೆಯೇ ಎಂದು ನೋಡಬೇಕು. ಮುಚ್ಚುವುದು ನಿಜವಾದರೆ, ತಡೆಯಬೇಕಾದ್ದು ಮುಚ್ಚುವುದನ್ನೋ ಅಥವಾ ತೆರೆದಾಗ ಕೆಳಗಿಳಿಯುವ ನೀರನ್ನೋ ಎಂದು ತೀರ್ಮಾನಿಸಬೇಕು. ಸಿ.ಜಿ.ಆರ್.ಪಿ. ತಡೆಯುವ ಮದ್ದುಗಳು ಎರಡನೆಯದನ್ನು ಅರೆಬರೆಯಾಗಿ ಮಾಡುತ್ತಿವೆ. ಅವು ಕೆಲವರಿಗೆ ನಾಟುವುದಿಲ್ಲ. ಆ ನೀರಿನಲ್ಲಿ ನರಗಂಟನ್ನು ಕೆರಳಿಸಬಲ್ಲ ವಸ್ತು ಸಿ.ಜಿ.ಆರ್.ಪಿ. ಒಂದೇ ಅಲ್ಲ. ಉಳಿದವುಗಳಲ್ಲಿ ಯಾವುದು ಯಾರ ತಲೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಗೊತ್ತಾದರೆ, ಅವರಿಗೆಂದೇ ಬೇರೆ ಮದ್ದು ಹುಡುಕಬಹುದು.